ಎಲ್ಲ ಭಾಷೆಗೂ ಒಂದೇ ಪಟ್ಟಿ
ನಮ್ಮ ಕಚೇರಿಯ ಪಟ್ಟಿ ಮೇಷ್ಟ್ರಿಗೆ ಲೋಕದ ಭಾಷೆಗಳ ವ್ಯಾಕರಣದ ಹೆಸರುಗಳನ್ನೆಲ್ಲ ಒಂದೇ ಪಟ್ಟಿಗೆ ತರುವ ಕೆಲಸ. ವ್ಯಾಕರಣ ಬರೆದವರೆಲ್ಲ ಒಂದೇ ಸಂಗತಿಗೆ ಒಂದೊಂದು ಹೆಸರಿಟ್ಟು ಕೂತಿರುವುದರಿಂದ, ಎಲ್ಲರೂ ಒಪ್ಪುವ ಹೆಸರು ಯಾವುದು, ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬುದನ್ನು ಅವರು ಗೊತ್ತುಮಾಡಬೇಕು. ಹನ್ನೊಂದು ವರ್ಷವಾಯಿತು, ಬೆಳಿಗ್ಗೆ ಸೇರಿಸಿದ್ದನ್ನು ಮಧ್ಯಾಹ್ನ ಹೊಡೆದುಹಾಕಿ ಸಂಜೆ ಮತ್ತೆ ಸೇರಿಸುತ್ತಾರೆ. "ಕಾಫಿ ಬೇಕಾ ಸಾರ್?" ಎಂದು ಕ್ಯಾಂಟೀನಿನಾಕೆ ಕೇಳಿದರೆ, "ಈ 'ಬೇಕು' ಅನ್ನೋದು ಕ್ರಿಯಾಪದಾನಾ, ಅಲ್ವಾ? ನೀವೇ ಹೇಳಿ" ಎಂದು ಆಕೆಯನ್ನೇ ನಿಲ್ಲಿಸಿಕೊಳ್ಳುತ್ತಾರೆ. "ನಂಗೇನ್ ಗೊತ್ತು ಸಾರ್, ಸಕ್ಕರೆ ಹಾಕ್ಲಾ, ಬೇಡ್ವಾ?" ಎಂದರಂತೂ ಮುಗಿಯಿತು, 'ಬೇಡ'ದ ಗತಿಯೇನೆಂದು ಇನ್ನಷ್ಟು ಕಂಗಾಲಾಗುತ್ತಾರೆ. ಲಿಫ್ಟಿನಲ್ಲಿ ಯಾರದೋ ಕಾಲು ತುಳಿದು, ಅವರು "ಅಯ್ಯೋ" ಎಂದರೆ, ಕ್ಷಮೆ ಕೇಳುವ ಮೊದಲು ಅದು ಯಾವ ವರ್ಗದ ಪದವೆಂದು ಯೋಚಿಸುತ್ತಾರೆ. ಕಳೆದ ವಾರ ಅವರ ಸಹಿ ಬೇಕಾಗಿ ನಾನು ಮನೆಗೇ ಹೋದೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಅಕ್ಕನಿಗೆ ಉಳಿದಿರುವುದು ಒಂದೇ ಮಾತು, "ಆಮೇಲೆ". ಕಿಟಕಿಯ ಪಕ್ಕದ ಮಂಚದಿಂದ ಆಕೆ "ಆಮೇಲೆ" ಎಂದರು. ಮೇಷ್ಟ್ರು ಎದ್ದು ಪರದೆ ಎಳೆದರು. ಆಕೆ ಮತ್ತೆ "ಆಮೇಲೆ" ಎಂದರು, ಮೇಷ್ಟ್ರು ನೀರು ಕುಡಿಸಿದರು. ಮೂರನೆಯ ಸಲ "ಆಮೇಲೆ" ಎಂದಾಗ ಇಬ್ಬರೂ ನನ್ನ ಕಡೆ ನೋಡಿ ಜೋರಾಗಿ ನಕ್ಕರು. ನಾನು ಕಕ್ಕಾಬಿಕ್ಕಿಯಾದೆ. "ಅದು ಹೇಗೆ ಸಾರ್ ನಿಮಗೆ ಗೊತ್ತಾಗುತ್ತೆ?" ಎಂದೆ. ಮೇಷ್ಟ್ರು ನನ್ನ ಪ್ರಶ್ನೆಯೇ ಅರ್ಥವಾಗದವರಂತೆ ಮುಖ ನೋಡಿದರು. "ಗೊತ್ತಾಗೋದೇನ್ ಬಂತು? ಅಕ್ಕ ಹೇಳಿದ್ಲಲ್ಲ" ಎಂದರು.