ಶರ್ಟಿನ ಬೆನ್ನಿಗೆ ಹಸೆ

ಶಿಕಾರಿಪುರದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟು ನಾನು ಕಲಿತ ವಿದ್ಯೆ ಒಂದೇ: ಗಿರಾಕಿಗೆ ಏನೂ ಗೊತ್ತಿಲ್ಲ, ನನಗೆ ಎಲ್ಲವೂ ಗೊತ್ತು. ಮದುವೆ ಮಂಟಪವೊಂದಕ್ಕೆ ‘ಸುಸ್ವಾಗತ’ದ ದೀರ್ಘ ನುಂಗಿ ‘ಸುಸ್ವಗತ’ ಎಂದು ಅಚ್ಚು ಹಾಕಿಕೊಟ್ಟ ಮೇಲೂ ಈ ನಂಬಿಕೆ ಅಲ್ಲಾಡಲಿಲ್ಲ. ಬಂದವರೆಲ್ಲ ಉಂಡು ಹೋದರು, ಯಾರೂ ಚಕಾರ ಎತ್ತಲಿಲ್ಲ.

ಈ ನಂಬಿಕೆಯ ಬೇರಿಗೆ ಕೈ ಹಾಕಿದವರು ಕುಪ್ಪಗಡ್ಡೆಯ ಒಬ್ಬ ಅಕ್ಕ. ಸೊರಬದ ಕಡೆ ಮದುವೆ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮದುಮಕ್ಕಳು ಅದರ ಮುಂದೆ ಕೂರಬೇಕು. ಅದನ್ನು ಬರೆಯಲು ಸುತ್ತಲಿನ ಊರಿನವರು ಕರೆಯುವುದು ಈ ಅಕ್ಕನನ್ನೇ. ಅವರ ತಮ್ಮನ ಮಗನಿಗೆ ಮದುವೆ ಗೊತ್ತಾಗಿತ್ತು. ಈಗ ದಿಬ್ಬಣವೆಂದರೆ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು ಬೇಕು, ಇಲ್ಲದಿದ್ದರೆ ಮುಹೂರ್ತವೇ ಕೂಡಿಬರುವುದಿಲ್ಲವೇನೋ. ಅದರ ಬೆನ್ನಿಗೆ ಅತ್ತೆಯ ಹಸೆಯೇ ಇರಬೇಕೆಂದು ಹುಡುಗ ಹಟ ಹಿಡಿದಿದ್ದನಂತೆ. ಅಕ್ಕ ಹಾಳೆಯೊಂದಕ್ಕೆ ಹಸೆ ಬರೆದು ತಂದು ನನ್ನ ಟೇಬಲ್ಲಿನ ಮೇಲೆ ಹರಡಿದರು.

“ಗೋಡೆ ಮೇಲಿಂದು ವರ್ಷದೊಳಗೆ ಅಳಿಸಿ ಹೋಗ್ತದೆ. ಇದು ನಾಕು ಊರು ತಿರುಗ್ತದಲ್ಲ, ಕೆಳಗೆ ನನ್ನ ಹೆಸರು ಹಾಕ್ತೀರಾ?” ಎಂದು ಕೇಳುವಾಗ ಅವರಿಗೆ ನಾಚಿಕೆಯಾಯಿತು. ಆಮೇಲೆ ದನಿ ತಗ್ಗಿಸಿ, “ಹೆಣ್ಣಿನ ಕಡೆಯೋರು ಚಿತ್ತಾರದಲ್ಲಿ ಭಾರೀ ಜನ ಮಾರಾಯ್ರೇ. ಏನಾದ್ರೂ ತಪ್ಪು ಕಂಡ್ರೆ ಇನ್ನು ಯಾರ ಮನೆಯೋರೂ ನನ್ನ ಕರೆಯೋದಿಲ್ಲ” ಎಂದರು.

“ನೀವು ಆರಾಮಾಗಿ ಹೋಗ್ರಿ ಅಕ್ಕಾ, ನಾನದೀನಿ” ಎಂದೆ. ನಾನಿರುವುದೇ ತೊಂದರೆ ಎಂದು ಅವರಿಗೇನು ಗೊತ್ತು, ಪಾಪ!

ಚಿತ್ತಾರವನ್ನು ಕಂಪ್ಯೂಟರಿಗೆ ಹಾಕಿ ಹಿಗ್ಗಿಸಿ ನೋಡಿದರೆ ಎಡಕ್ಕೂ ಬಲಕ್ಕೂ ತಾಳೆಯೇ ಇಲ್ಲ. ಬಲಗಡೆಯ ಗೆರೆಗಳು ಒಂದು ಕೂದಲೆಳೆ ಸೊಟ್ಟ. ವಯಸ್ಸಾಯಿತು, ಕೈ ನಡುಗಿರಬೇಕು ಎಂದು ಮರುಗಿದೆ. ಮರುಗಿ ಸುಮ್ಮನಿದ್ದರೆ ಸಾಕಿತ್ತು. ಎಡಗಡೆಯ ಅರ್ಧವನ್ನೇ ಕಾಪಿ ಮಾಡಿ, ಮಗುಚಿ, ಬಲಗಡೆಗೆ ಅಂಟಿಸಿದೆ. ಆಹಾ, ತಕ್ಕಡಿಯಲ್ಲಿ ತೂಗಿದಂತೆ ಕೂತಿತು! ಹೇಳದೆ ಮಾಡುವ ಉಪಕಾರವೇ ದೊಡ್ಡದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅದನ್ನೇ ಫ್ರೇಮಿನ ಬಲೆಗೆ ಇಳಿಸಿ, ರಬ್ಬರ್ ಪಟ್ಟಿಯಿಂದ ಬಿಳಿ ಇಂಕು ಎಳೆದು, ಕೆಮ್ಮಣ್ಣಿನ ಬಣ್ಣದ ಮೂವತ್ತು ಶರ್ಟಿನ ಬೆನ್ನಿಗೆ ಅಚ್ಚು ಹಾಕಿದೆ. ಕೆಳಗೆ ಅಕ್ಕನ ಹೆಸರು, ಕಾಗುಣಿತ ತಪ್ಪಿಲ್ಲದೆ.

ಮದುವೆಗೆ ನಾಲ್ಕು ದಿನ ಇರುವಾಗ ಗಂಟನ್ನು ಬೈಕಿಗೆ ಕಟ್ಟಿಕೊಂಡು ನಾನೇ ಕುಪ್ಪಗಡ್ಡೆಗೆ ಹೋದೆ. ಹೊಗಳಿಸಿಕೊಳ್ಳುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಲಾದೀತೇ? ಮದುಮಗ ಒಂದು ಶರ್ಟು ತೊಟ್ಟು ತನ್ನ ಅಜ್ಜಿಗೆ, ಎಂದರೆ ಅಕ್ಕನ ತಾಯಿಗೆ, ಬೆನ್ನು ತೋರಿಸಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಗೆರೆಗಳ ಮೇಲೆ ಬೆರಳಾಡಿಸುತ್ತ ಬಂದು ನಡುವಿನಲ್ಲಿ ನಿಲ್ಲಿಸಿತು.

“ಅಲ್ಲಾ ತಮ್ಮಾ, ಹೆಣ್ಣೆಲ್ಲೋ?”

“ಯಾವ ಹೆಣ್ಣು ಅಜ್ಜೀ?”

“ನಿನ್ನ ಹೆಂಡ್ತಿ ಆಗೋಳು ಕಣೋ! ಇಲ್ಲಿ ನೋಡಿದ್ರೆ ಆಚೆಗೂ ಪೇಟ, ಈಚೆಗೂ ಪೇಟ. ಹೆಣ್ಣು ಹಸೆ ಬಿಟ್ಟು ಎದ್ದು ಹೋಗಿದಾಳೆ!”

ಒಳಗಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ಬಿದ್ದು ಬಿದ್ದು ನಕ್ಕರು. ನಾನು ಹಿಂದಿರುಗಿಸಲು ತಂದಿದ್ದ ಅಸಲು ಹಾಳೆಯನ್ನು ಬಿಚ್ಚಿದೆ. ಚಿತ್ತಾರದ ನಡುವೆ ಕಡ್ಡಿಯಂಥ ಎರಡು ಆಕೃತಿ. ಎಡಗಡೆಯದರ ತಲೆಗೆ ಪೇಟದ ಮೂರು ಗೆರೆ, ಬಲಗಡೆಯದರ ಬೆನ್ನಿಗೆ ಜಡೆಯ ಒಂದೇ ಗೆರೆ. ಹುಡುಗಿ ಗಂಡಿನ ಕಡೆಗೆ ಇಷ್ಟೇ ಇಷ್ಟು ವಾಲಿ ಕೂತಿದ್ದಳು. ಸುತ್ತಲಿನ ಗೆರೆಯೂ ಅವಳ ಜೊತೆ ವಾಲಿತ್ತು. ಅದನ್ನೇ ನಾನು ಕೈ ನಡುಕ ಅಂದುಕೊಂಡು ಒರೆಸಿ ಹಾಕಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವರ ಕಥೆ ಕೇಳಿದ್ದೆ. ಅವರು ನನಗಿಂತ ವಾಸಿ, ಒಬ್ಬನಾದರೂ ದೇವರು ಉಳಿದ.

ಅಕ್ಕ ಮಾತ್ರ ನಗಲಿಲ್ಲ. ಒಳಗೆ ಗೋಡೆಗೆ ಹಸೆ ಬರೆಯುತ್ತಿದ್ದವರು ನಾರಿನ ಕುಂಚ ಹಿಡಿದುಕೊಂಡೇ ಬಂದು ಶರ್ಟಿನ ಮೇಲಿನ ತಮ್ಮ ಹೆಸರನ್ನೇ ನೋಡುತ್ತ ನಿಂತರು. ಅಕ್ಕಿ ಹಿಟ್ಟು ಅವರ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೂ ಬುದ್ಧಿವಂತ ನೋಡಿ, ತಟ್ಟನೆ ಉಪಾಯ ಹೊಳೆಯಿತು.

“ಅಕ್ಕಾ, ಚಿಂತೆ ಮಾಡಬ್ಯಾಡ್ರಿ. ನಿಮ್ಮ ಹೆಸರಿನ ಮ್ಯಾಲೆ ಕೆಂಪು ಇಂಕು ಹೊಡೆದ್ರೆ ಆತು, ಕಾಣಂಗಿಲ್ಲ. ಯಾರು ಬರೆದಿದ್ದು ಅಂತ ಯಾರಿಗೂ ಗೊತ್ತಾಗಂಗಿಲ್ಲ.”

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು.

“ಹೆಣ್ಣನ್ನ ಅಳಿಸಿದ್ದಾಯ್ತು. ಇನ್ನು ನನ್ನೂ ಅಳಿಸ್ತೀರಾ?”

ನನಗೆ ಮೈಯೆಲ್ಲ ಉರಿಯಿತು, ಸಿಟ್ಟು ಯಾರ ಮೇಲೆಂದು ಬೇರೆ ಹೇಳಬೇಕಾಗಿಲ್ಲ. ಶರ್ಟುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಬಂದ ದಾರಿ ಹಿಡಿದೆ.

ಮರುದಿನ ಹೊಸ ಶರ್ಟು ತಂದು, ವಾಲಿದ ಗೆರೆಯನ್ನು ವಾಲಿದಂತೆಯೇ ಇಳಿಸಿ ಹೊಸ ಸ್ಕ್ರೀನ್ ಮಾಡಿದೆ. ಅಚ್ಚು ಹಾಕುವ ಹೊತ್ತಿಗೆ ಅಕ್ಕ ಬಸ್ಸು ಹತ್ತಿ ಅಂಗಡಿಗೇ ಬಂದರು. ಇನ್ನು ನನ್ನ ‘ನಾನದೀನಿ’ಯನ್ನು ನಂಬಲು ಅವರಿಗೇನು ತಲೆ ಕೆಟ್ಟಿದೆಯೇ? ಮೊದಲ ಶರ್ಟಿನ ಮೇಲಿಂದ ಫ್ರೇಮು ಎತ್ತಿದೆ. ಹಸಿ ಇಂಕಿಗೆ ತಾಗದಂತೆ ಬೆರಳು ಮೇಲೆ ಹಿಡಿದು ಪೇಟ ನೋಡಿದರು, ಜಡೆ ನೋಡಿದರು.

“ಬಂದ್ಲು” ಎಂದರು.

ಆಮೇಲೆ ಬೆರಳು ಕೆಳಗೆ ಇಳಿಯಿತು. ಇಡೀ ಹಸೆಯನ್ನು ಒಂದೇ ನೋಟಕ್ಕೆ ಅಳೆದವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಅವರು ಓದಿ ಮುಗಿಸುವವರೆಗೆ ನಾನು ಫ್ರೇಮು ಎತ್ತಿ ಹಿಡಿದುಕೊಂಡೇ ನಿಂತಿದ್ದೆ.