ಆಣಿ ವೈದ್ಯನಿಗೆ ಬಂದ ಕಾರ್ಡು

ನಾನು ಹುಬ್ಬಳ್ಳಿಯಲ್ಲಿ ಪೋಸ್ಟಮನ್. ನಮ್ಮ ಕಡೆಯ ಊರುಗಳು ಮುಂಬೈ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿ ಮೂರು ನಾಲ್ಕು ವರ್ಷವಾಗಿತ್ತು. ಆಗ ನನ್ನ ಬಲ ಅಂಗಾಲಿನಲ್ಲಿ ಹುಣಸೆ ಬೀಜದಷ್ಟು ಕರಿ ಕಲೆ ಕಂಡಿತು. ಕಮರಿಪೇಟೆಯ ಓಣಿ ಸುತ್ತುವ ಕಾಲು, ಏನೋ ಚುಚ್ಚಿರಬೇಕು ಅಂದುಕೊಂಡೆ. ನಾನು ಟಪಾಲು ಹಂಚುವ ಓಣಿಯಲ್ಲೇ ಒಬ್ಬ ಆಣಿ ವೈದ್ಯನಿದ್ದ. ಬಾಗಿಲ ಮೇಲೆ ಪಾದದ ಚಿತ್ರ ಬರೆಸಿದ್ದ. ಅವನಿಗೆ ಕಾಲು ತೋರಿಸಿದೆ.

"ಇದು ಆಣಿ. ಮೂರ ಸಲ ಸುಟ್ಟರ ಬೇರು ಸಹಿತ ಹೋಗತೈತಿ," ಅಂದ.

ಎಂಟು ತಿಂಗಳು ತೇಜಾಬು ಎಂಬ ಆಸಿಡ್ಡು ಹಚ್ಚಿ ಸುಟ್ಟ. ಕಲೆ ಹರಡಿತು, ಹುಣ್ಣಾಗಿ ರಕ್ತ ಒಸರಿತು. ದೊಡ್ಡ ಡಾಕ್ಟರಿಗೆ ತೋರಿಸಲೇ ಎಂದು ಕೇಳಿದರೆ ನಕ್ಕ. "ಅವರು ಕಾಲ ಕಡೀತಾರ. ನಿನಗ ಕಾಲ ಬ್ಯಾಡೇನು?"

ತೊಡೆಯ ಸಂದಿನಲ್ಲಿ ಗಂಟು ಎದ್ದ ಮೇಲೆ ದವಾಖಾನೆಗೆ ಹೋದೆ. ಸರ್ಜನ್ನರು ಗಂಟು ಮುಟ್ಟಿ ನೋಡಿದರು. "ಇದು ಚರ್ಮದ ಕ್ಯಾನ್ಸರ್. ವರ್ಷದ ಹಿಂದ ಬಂದಿದ್ರ ಕಲಿ ಅಷ್ಟ ಕತ್ತರಿಸಿ ತಗೀತಿದ್ದೆ. ಈಗ ಮ್ಯಾಲೆ ಏರೇತಿ." ಅಂಗಾಲಿನ ಮಾಂಸವನ್ನೂ ಗಂಟನ್ನೂ ತೆಗೆದರು. ಆರು ತಿಂಗಳಲ್ಲಿ ಇನ್ನೊಂದು ಗಂಟು ಬಂತು.

ಕುಂಟುತ್ತ ಕೆಲಸಕ್ಕೆ ಮರಳಿದೆ. ವೈದ್ಯನಿಗೂ ಟಪಾಲು ಕೊಡಬೇಕಲ್ಲ. "ನಿಮ್ಮ ಆಣಿ ತೊಡೀಗೆ ಏರೇತಿ, ನೋಡ್ರಿ," ಅಂದೆ.

"ಅದು ನಿನ್ನ ಹಣೇಬರಹ," ಅಂದು ಕಾರ್ಡು ಕಸಿದುಕೊಂಡ.

ಇವನನ್ನು ಬಿಡಬಾರದು ಎಂದು ಅಂದೇ ನಿಶ್ಚಯಿಸಿದೆ. ಮನೆಮನೆಯಲ್ಲಿ ಕಾಗದ ಕೊಟ್ಟು, ಚಪ್ಪಲಿ ಬಿಟ್ಟು ಪಾದ ತೋರಿಸಿದೆ. "ಯಕ್ಕಾ, ಅಂಗಾಲಾಗ, ಉಗುರಿನ ಬುಡಕ್ಕ ಕರಿ ಕಲಿ ಬೆಳ್ಯಾಕತ್ತಿದ್ರ ಸುಡಿಸಬ್ಯಾಡ್ರಿ. ಲಗೂ ದವಾಖಾನಿಗೆ ಹೋಗ್ರಿ." ಜನ ಇದನ್ನು ಪರೋಪಕಾರ ಅಂದರು. ನನಗೆ ರೋಗಿಗಳು ಕಾದು ಕೂಡುವ ಅವನ ಕಟ್ಟೆ ಬರಿದಾದರೆ ಸಾಕಿತ್ತು.

ಒಂದು ದಿನ ಕೆಲಗೇರಿಯ ಸಾಲಿ ಮಾಸ್ತರರೊಬ್ಬರು ವೈದ್ಯನಿಗೆ ಬರೆದ ಕಾರ್ಡು ನನ್ನ ಕೈಗೆ ಬಂತು. ಹೆಂಡತಿಯ ಅಂಗಾಲಿನಲ್ಲಿ ಕರಿ ಕಲೆ ಎದ್ದಿದೆ, ಯಾವಾಗ ಕರೆತರಲಿ ಎಂದು ಕೇಳಿದ್ದರು. ಕಾರ್ಡನ್ನು ಅವನಿಗೆ ಕೊಟ್ಟೆ. ಸಂಜೆ ಮಾಸ್ತರರಿಗೆ ನಾನೇ ಒಂದು ಕಾರ್ಡು ಬರೆದೆ: "ಆ ಮನುಷ್ಯನ ಕೈಗೆ ನಾನು ಕಾಲು ಕೊಟ್ಟೆ, ಈಗ ಸಾಯುತ್ತಿದ್ದೇನೆ. ನಿಮ್ಮ ಮನೆಯವರನ್ನು ದವಾಖಾನೆಗೆ ಕರೆದೊಯ್ಯಿರಿ." ಕೆಳಗೆ ನನ್ನ ಹೆಸರು ಹಾಕಿದೆ.

ಮಾಸ್ತರರು ಇದು ನಿಜವೇ ಎಂದು ವೈದ್ಯನನ್ನೇ ಕೇಳಿ ಬರೆದರಂತೆ. ಅವನು ನೇರ ಪೋಸ್ಟಮಾಸ್ತರರ ಬಳಿ ದೂರು ತಂದ.

"ಮಂದಿ ಕಾರ್ಡ ಓದೂದು ತಪ್ಪಲ್ಲೇನು?" ಎಂದರು ಅವರು.

"ತಪ್ಪು, ಖರೇ ಸಾಹೇಬ್ರ. ಮತ್ತ ಬಂದ್ರ ಮತ್ತ ಓದತೇನಿ."

ನನ್ನನ್ನು ಓಣಿ ಬಿಡಿಸಿ, ಒಳಗೆ ಕಾಗದ ವಿಂಗಡಿಸಲು ಕೂಡಿಸಿದರು.

ಎರಡು ತಿಂಗಳ ಮೇಲೆ ಮಾಸ್ತರರು ಹೆಂಡತಿಯೊಡನೆ ಆಫೀಸಿಗೆ ಬಂದರು. ದವಾಖಾನೆಯಲ್ಲಿ ಕಲೆ ಕತ್ತರಿಸಿ ತೆಗೆದಿದ್ದರು, ಆಕೆ ತಾನೇ ನಡೆದು ಬಂದಿದ್ದಳು. "ನಿಮ್ಮ ಪುಣ್ಯಾ ದೊಡ್ಡದು," ಎಂದು ಮಾಸ್ತರರು ಕೈ ಮುಗಿದರು.

"ಪುಣ್ಯಾ ಅಲ್ರಿ, ಸೇಡು. ಅವನ ಮುಂದ ನಿಂತು ಇದನ್ನ ಹೇಳ್ರಿ. ಕಟ್ಟಿ ಮ್ಯಾಲಿನ ಮಂದಿಗೆ ಕೇಳಬೇಕು."

ಮಾಸ್ತರರು ಹಿಂಜರಿದರು. ಹೆಂಡತಿ ಹಿಂಜರಿಯಲಿಲ್ಲ. ವೈದ್ಯನ ಕಟ್ಟೆಗೇ ಹೋಗಿ, ಪಟ್ಟಿ ಬಿಚ್ಚಿ ಪಾದ ತೋರಿಸಿ ಅವನನ್ನು ಬೈದ ಬಗೆಯನ್ನು ಹೊಸ ಪೋಸ್ಟಮನ್ ಬಂದು ಹೇಳಿದ. ನಾನು ಇನ್ನೊಮ್ಮೆ ಹೇಳಿಸಿದೆ. ದೀಪಾವಳಿಯ ಹೊತ್ತಿಗೆ ವೈದ್ಯ ಅಂಗಡಿ ಕಿತ್ತ.

ಈಗ ಎದೆಯಲ್ಲೂ ಅದು ಹಬ್ಬಿದೆ ಎನ್ನುತ್ತಾರೆ ಸರ್ಜನ್ನರು. ನಾಲ್ಕು ಹೆಜ್ಜೆಗೆ ಉಸಿರು ಸಾಲುವುದಿಲ್ಲ. "ಸಿಟ್ಟ ಬಿಡ್ರಿ, ದೇವರು ನೋಡಕೋತಾನ," ಅನ್ನುತ್ತಾಳೆ ನನ್ನ ಹೆಂಡತಿ. ದೇವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಹೋದ ವಾರ ವಿಂಗಡಿಸುವಾಗ ವೈದ್ಯನ ಹೆಸರಿನ ಕಾರ್ಡು ಸಿಕ್ಕಿತು. ವಿಳಾಸ ಊರ ಹೊರಗಿನ ಬೈರಿದೇವರಕೊಪ್ಪದ್ದು; ಅಲ್ಲಿ ಹೊಸ ಅಂಗಡಿ ಹಾಕಿದ್ದ. ರವಿವಾರ ಹೆಂಡತಿಯ ಹೆಗಲು ಹಿಡಿದು ಬಸ್ಸು ಹತ್ತಿದೆ. ಅವನ ಪಕ್ಕದ ಮನೆಯಿಂದಲೇ ಚಪ್ಪಲಿ ಬಿಟ್ಟು ಪಾದ ತೋರಿಸಲು ಶುರು ಮಾಡಿದೆ.