ರೈಫಲ್ಲಿಗೆ ಹಾಸಿಗೆ ಹಾಕಿದ್ದು

ಇವತ್ತು ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು, ಬಾಗಿಲಿನ ಬಾಡಿದ ಚೆಂಡುಹೂವಿನ ಮಾಲೆ ಇಳಿಸಿದ್ದು, ಹೊಲಿಗೆ ಯಂತ್ರದ ಮೇಲಿನ ಕುಂಕುಮ ಒರೆಸಿದ್ದು, ಸೀರೆಗಳಿಗೆ ಫಾಲ್ ಹಚ್ಚಿದ್ದು, ಗ್ಯಾಸಿನವನಿಗೆ ಕಾದದ್ದು, ಅವನು ಬಾರದೆ ಇದ್ದದ್ದು, ಮೀನಿನ ಪೇಟೆಯಿಂದ ಐಸು ಹೊತ್ತು ತಂದದ್ದು. ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರತಿ ವರ್ಷ ದಸರೆಯ ಮಾರನೆಯ ದಿನ ನಮ್ಮ ಡೊಂಬಿವಲಿಯ ಮನೆಯಲ್ಲಿ ಆಗುವಂಥದ್ದೇ.

ಐಸಿನ ಕತೆ ಮಳೆಗಾಲದಲ್ಲಿ ಶುರುವಾದದ್ದು. ನವಿ ಮುಂಬಯಿಯ ಒಂದು ಕ್ಲಬ್ಬಿನಲ್ಲಿ ನಮ್ಮ ಮಗಳು ಏರ್ ರೈಫಲ್ ಹೊಡೆಯುತ್ತಾಳೆ. ಕಾಗದದ ಗುರಿಗೆ, ಶಾಲೆಗೆ ರಜೆ ಇದ್ದ ದಿನ. ರೈಫಲ್ ಹೊಸತಲ್ಲ, ಕ್ಲಬ್ಬಿನ ಹಿರಿಯ ಹುಡುಗಿಯೊಬ್ಬಳು ಬಳಸಿ ಬಿಟ್ಟದ್ದು. ಭುಜಕ್ಕೆ ಒರಗುವ ಹಿಡಿ ಪೂರಾ ಮರದ್ದು. ಮಳೆಗೆ ಆ ಮರ ಉಬ್ಬಿತು. ಕಬ್ಬಿಣದ ಭಾಗವನ್ನು ಮರಕ್ಕೆ ಹಿಡಿದಿಡುವ ಎರಡು ಸ್ಕ್ರೂ ಒಂದು ದಿನ ಬಿಗಿ, ಇನ್ನೊಂದು ದಿನ ಸಡಿಲ. ನಡುವೆ ಬೀಳುತ್ತಿದ್ದ ಗುಂಡು ಪಕ್ಕಕ್ಕೆ ಸರಿಯತೊಡಗಿತು. ಹುಡುಗಿ ತನ್ನ ಕೈಯೇ ಕೆಟ್ಟಿತು ಅಂದುಕೊಂಡು ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ನನ್ನ ಗಂಡ ಲೇತ್ ಮೇಲೆ ಕೆಲಸ ಮಾಡುವವರು. ರೈಫಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಕೈ ಅಲ್ಲವ್ವಾ, ಕಟಗಿ" ಅಂದರು. ಸೂಪರ್‌ವೈಸರನ್ನು ಕೇಳಿಕೊಂಡು ಅಲ್ಯೂಮಿನಿಯಮ್ಮಿನ ಎರಡು ಗಿಡ್ಡ ಕೊಳವೆ ಮಾಡಿ ತಂದರು. ಅವಕ್ಕೆ ಪಿಲ್ಲರ್ ಅನ್ನುತ್ತಾರೆ. ಸ್ಕ್ರೂ ಹೋಗುವ ತೂತನ್ನು ದೊಡ್ಡದು ಮಾಡಿ ಅದರೊಳಗೆ ಪಿಲ್ಲರ್ ಕೂರಿಸಿದರೆ ಸ್ಕ್ರೂ ಬಿಗಿದಾಗ ಮರ ಹಿಂಡಿಹೋಗುವುದಿಲ್ಲ. ಲೋಹ ಲೋಹದ ಮೇಲೆ ನಿಲ್ಲುತ್ತದೆ. ಆಮೇಲೆ ಮರದ ಗುಳಿಯಲ್ಲಿ ಎಪಾಕ್ಸಿ ಅಂಟು ಹಾಕಿ, ಕಬ್ಬಿಣವನ್ನು ಒತ್ತಿ ಕೂರಿಸಿ ಒಣಗಲು ಬಿಟ್ಟು, ಒಣಗಿದ ಮೇಲೆ ಎತ್ತಿ ತೆಗೆಯುವುದು. ಕಬ್ಬಿಣದ ಮೈಗೆ ಸರಿಯಾದ ಒಂದು ಹಾಸಿಗೆ ಆಗುತ್ತದೆ. ಆದರೆ ಕಬ್ಬಿಣಕ್ಕೆ ಮೊದಲೇ ಮೇಣ ಬಳಿದಿರಬೇಕು. ಇಲ್ಲದಿದ್ದರೆ ಅಂಟು ಅದನ್ನೂ ಹಿಡಿದುಕೊಂಡುಬಿಡುತ್ತದೆ.

ಪಿಲ್ಲರ್ ಕೂತವು. ಆಯುಧಪೂಜೆಯ ಹಿಂದಿನ ಸಂಜೆ ಇವರು ಕಬ್ಬಿಣಕ್ಕೆ ಮೇಣ ಬಳಿದು, ಬಿಳಿ ಪದರ ಕಟ್ಟಲಿ ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಪೂಜೆಯ ದಿನ ಅತ್ತೆ ಎಂದಿನಂತೆ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಒಂದೆಡೆ ಸೇರಿಸಿದರು: ಈಳಿಗೆ, ಕತ್ತರಿ, ಸ್ಪ್ಯಾನರುಗಳು, ರೈಫಲ್ಲಿನ ಆ ಭಾಗ. ಗಂಧ, ಕುಂಕುಮ, ಹೂವು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ನಿನ್ನೆ ದಸರೆಯ ಊಟ ಮುಗಿಸಿ ಇವರು ಮೇಲಿನ ಕುಂಕುಮ ಒರೆಸಿ, ಅಂಟು ಕಲಸಿ, ಕಬ್ಬಿಣವನ್ನು ಮರದಲ್ಲಿ ಕೂರಿಸಿ ಪಟ್ಟಿ ಸುತ್ತಿಟ್ಟರು.

ಇವತ್ತು ಬೆಳಿಗ್ಗೆ ಅದು ಅಲ್ಲಾಡಲಿಲ್ಲ. ಎಳೆದರು, ಮೊಣಕಾಲಿಗೆ ಆನಿಸಿ ಎಳೆದರು, ಉಗುರು ಕಿತ್ತುಕೊಂಡರು. ಹೊರಗೆ ಬಾರದೆ ಟ್ರಿಗರ್ ಜೋಡಿಸುವಂತಿಲ್ಲ. ಭಾನುವಾರ ಕ್ಲಬ್ಬಿನ ತಂಡಕ್ಕೆ ಆಯ್ಕೆ. ಹುಡುಗಿ ವರ್ಷವಿಡೀ ಕಾದದ್ದು ಅದಕ್ಕೆ.

ಅತ್ತೆ ಚಹದ ಬಟ್ಟಲು ಹಿಡಿದು ಬಂದು ನಿಂತರು.

"ಬರವಲ್ದೇನೋ?"

"ಬರಬೇಕಲ್ಲಬೇ. ದಪ್ಪಗ ಮೇಣ ಹಚ್ಚೇನಿ."

"ಎಲ್ಲಿ ಮೇಣ?"

"ಬೆಳ್ಳಗ ಇತ್ತಲ್ಲ ಮ್ಯಾಲೆ."

ಅತ್ತೆ ಬಟ್ಟಲನ್ನು ಕೆಳಗಿಟ್ಟರು. "ಮಳಿಗಾಲದ ಬೂಷ್ಟು ಅಂತ ತಿಳಕೊಂಡೆ. ಪೂಜಿಗೆ ಇಡೂದದ ಅಂತ ಸೋಡಾ ಹಚ್ಚಿ ತಿಕ್ಕಿ ತಗದೆ."

ಬೈಯುವುದಕ್ಕೂ ಒಂದಿಷ್ಟು ತ್ರಾಣ ಬೇಕಾಗುತ್ತದೆ. ಹಬ್ಬದ ಮಾರನೆಯ ದಿನ ಅದು ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಇವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಮಗಳು ಮಾತ್ರ ತನ್ನ ಮರಾಠಿಯಲ್ಲಿ, "ಅಜ್ಜಿ, ತೂ ತರ್ ಬಂದೂಕಿಚಂ ಲಗ್ನಚ್ ಲಾವಲಂಸ್" ಅಂದಳು. ಬಂದೂಕಿಗೆ ಮದುವೆಯನ್ನೇ ಮಾಡಿಬಿಟ್ಟೆ ಎಂದು. ನಗಿಸಲು ಹೇಳಿದ್ದು. ಹೇಳಿದವಳೇ ನಗಲಿಲ್ಲ.

ಕ್ಲಬ್ಬಿನ ಕೋಚಿಗೆ ಫೋನು ಮಾಡಿದ್ದಾಯಿತು. ಕಬ್ಬಿಣಕ್ಕೆ ಚೆನ್ನಾಗಿ ಥಂಡಿ ಕೊಡಿ, ಅದು ಕುಗ್ಗಿದರೆ ಅಂಟು ಬಿಡಬಹುದು ಅಂದರಂತೆ. ಬಿಡಬಹುದು, ಅಷ್ಟೇ. ನಮ್ಮ ಫ್ರಿಜ್ಜಿನ ಐಸು ಒಂದು ಲೋಟ ಪಾನಕಕ್ಕೆ ಸಾಲುವಷ್ಟು.

"ಮೀನಿನವಳ ಹತ್ರ ಐಸ್ ಉಂಟು," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ಉಡುಪಿ ಕಡೆಯವಳು, ಮನೆಯವರು ಧಾರವಾಡದ ಕಡೆಯವರು. ಮದುವೆಯಾಗಿ ಬಂದ ಮೇಲೆ ಮೀನು ಈ ಹೊಸ್ತಿಲು ದಾಟಿಲ್ಲ. ತವರಿಗೆ ಹೋದಾಗ ತಿಂದು ಬರುತ್ತೇನೆ. ಬಂದವಳು ಸ್ನಾನ ಮಾಡಿಯೇ ಒಲೆ ಮುಟ್ಟುತ್ತೇನೆ. ಅತ್ತೆ ಹೇಳಿ ಮಾಡಿಸಿದ್ದಲ್ಲ, ಹೇಳದೆಯೇ ಮಾಡುತ್ತ ಬಂದದ್ದು.

ಅತ್ತೆ ಮೊಮ್ಮಗಳ ಕಡೆ ನೋಡಿದರು.

"ತಗೊಂಬಾ. ಬಚ್ಚಲದಾಗ ಇಡ್ರಿ. ನನ್ನ ಟಬ್ ತಗೋರಿ, ಅದ ದೊಡ್ಡದದ."

ಸ್ಟೇಷನ್ನಿನ ಹಿಂದಿನ ಪೇಟೆಯಲ್ಲಿ ಆ ಮೀನಿನವಳು ದಿನಾ ನನ್ನನ್ನು ಕರೆಯುವವಳು, ದಿನಾ ನಾನು ನಕ್ಕು ಮುಂದೆ ಹೋಗುವವಳು. ಇವತ್ತು ನಿಂತೆ. ಬರೀ ಐಸು ಸಾಕು, ಮಗಳ ಬಂದೂಕಿಗೆ ಅಂದೆ. ಅವಳು ಬಂಗುಡೆಯ ರಾಶಿಯನ್ನು ಬದಿಗೆ ಸರಿಸಿ ಐಸು ಮೊಗೆಯುತ್ತ, "ಬಂದೂಕೀಲಾ ತಾಪ್ ಆಲಾಯ್ ಕಾ, ತಾಯಿ?" ಅಂದಳು. ಜ್ವರ ಬಂದದ್ದು ಬಂದೂಕಿಗಲ್ಲ, ಮನೆಗೆ, ಅನ್ನಬೇಕೆನಿಸಿತು. ಮೆಟ್ಟಿಲು ಹತ್ತುವಾಗ ಚೀಲ ಸೋರಿ ಸೀರೆಯೆಲ್ಲ ಒದ್ದೆ. ಲಿಫ್ಟು ಹಬ್ಬದ ಮೊದಲೇ ಕೆಟ್ಟಿತ್ತು.

ಇವರು ಮರಕ್ಕೆ ಪ್ಲಾಸ್ಟಿಕ್ ಸುತ್ತಿ, ಟಬ್ಬಿನಲ್ಲಿಟ್ಟು, ಕಬ್ಬಿಣದ ಮೇಲೆ ಐಸು ಒಟ್ಟಿ, ಉಪ್ಪು ಉದುರಿಸಿದರು. ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು, ಪ್ಲಾಸ್ಟಿಕ್ಕಿನ ತುದಿ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ನಾ ಹಿಡೀತೀನಿ ಅತ್ತೆ ಅಂದರೆ ಬಿಡಲಿಲ್ಲ. ಬೆರಳು ಮರಗಟ್ಟಿದಾಗ ಬಾಯಿಗೆ ಹತ್ತಿರ ತಂದು ಊದಿಕೊಳ್ಳುವರು, ವಾಸನೆ ಬಡಿದು ಮುಖ ತಿರುಗಿಸುವರು, ಮತ್ತೆ ಹಿಡಿಯುವರು. ಮಗಳು ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು.

ಐಸು ಕರಗಿ ಅರ್ಧವಾದಾಗ ಇವರು ಕಬ್ಬಿಣದ ತುದಿಗೆ ಮೆಲ್ಲಗೆ ಬಡಿಯಲು ಮರದ್ದೇನಾದರೂ ಬೇಕೆಂದರು. ಅತ್ತೆ ಚಪಾತಿಯ ಲಟ್ಟಣಿಗೆ ತರಿಸಿ ಕೊಟ್ಟರು. "ಇನ್ನ ಅದು ಅಡಿಗಿಗೆ ಬ್ಯಾಡ, ಬಡಿ." ಒಂದು ಪೆಟ್ಟು, ಇನ್ನೊಂದು. ಏನೂ ಇಲ್ಲ. ಆ ಕಡೆಯಿಂದ ಮತ್ತೊಂದು. ಬೆರಳಿನ ನೆಟಿಕೆ ಮುರಿದಂಥ ಸದ್ದಾಯಿತು, ಕಬ್ಬಿಣ ಎದ್ದು ಬಂತು.

ಹಿಂದಿನ ಪಿಲ್ಲರಿನ ಪಕ್ಕ ಅಂಟಿನ ಒಂದು ಚೂರು ಹಾರಿಹೋಗಿತ್ತು. ಇವರು ಪಿಲ್ಲರ್‌ಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಎರಡೂ ಗಟ್ಟಿ. ಹಾಸಿಗೆಯ ನಡುವೆ, ಒರೆಸಿದರೂ ಉಳಿದ ಕುಂಕುಮ ಅಂಟಿನಲ್ಲಿ ಕೂತು ಕೆಂಪಗೆ ಕಾಣುತ್ತಿತ್ತು. ಅತ್ತೆ, "ಅದನ್ನ ಕೆರದ ತಗೀ" ಅಂದರು.

"ಕೆರದ್ರ ಸಮ ಕೂಡೂದಿಲ್ಲಬೇ. ಇರಲಿ."

ಕಬ್ಬಿಣ ಒರೆಸಿ, ಎಣ್ಣೆ ಹಚ್ಚಿ, ಟ್ರಿಗರ್ ಜೋಡಿಸಿ, ಸ್ಕ್ರೂ ಬಿಗಿದರು. ಮಗಳು ನಡುಮನೆಯ ಗೋಡೆಗೆ ಗುರಿಯಿಟ್ಟು ಖಾಲಿ ರೈಫಲ್ ಹಿಡಿದು ನಿಂತಳು. ಸರಿಯಾಯಿತಾ ಎಂದು ಕೇಳಿದ್ದಕ್ಕೆ, "ಸಂಡೇಲಾ ಕಳೇಲ್" ಅಂದಳು. ಭಾನುವಾರ ಗೊತ್ತಾಗುತ್ತದೆ. ಭಾನುವಾರ ಹೊಡೆಯಲು ರೈಫಲ್ ಅಂತೂ ಇದೆ.

ನಾನು ಬಚ್ಚಲನ್ನು ಫಿನೈಲು ಹಾಕಿ ತೊಳೆದೆ, ಮತ್ತೊಮ್ಮೆ ತೊಳೆದೆ. ಅತ್ತೆ ಸ್ನಾನ ಮಾಡಿ, ಟಬ್ಬನ್ನು ಬಿಸಾಡಬೇಡ, ಬಟ್ಟೆ ನೆನೆಸಲು ಇಟ್ಟುಕೋ ಅಂದರು.

ಲಟ್ಟಣಿಗೆ ಇಲ್ಲದ್ದರಿಂದ ಚಪಾತಿ ಆಗಲಿಲ್ಲ. ಅನ್ನ, ಹೆಸರುಬೇಳೆ ಸಾರು, ನಿನ್ನೆ ಉಳಿದ ಹೋಳಿಗೆ. ಮಗಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಮೊದಲು ಮಲಗಿದ್ದು ಅತ್ತೆ. ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆಯ ಕಡೆ ತಿರುಗಿ.